ಗುಡ್ಡದ ಮೇಲೆ ಬಂದೂಕು ಬೇಡ

ಸೊಲ್ಗೊಲ್ ಹಳ್ಳಿಯ ಗೆಣಸಿನ ಹೊಲಗಳಿಗೆ ಆ ವರ್ಷವೂ ಕಾಡುಹಂದಿಗಳು ನುಗ್ಗಿದವು. ಅವು ಇಳಿದು ಬರುತ್ತಿದ್ದದ್ದು ಬೊಂಗ್‌ಸನ್ ಅಜ್ಜಿಯ ಪೈನ್ ಗುಡ್ಡದಿಂದ ಎನ್ನುವುದು ಊರಿಗೆಲ್ಲ ಗೊತ್ತು. ಆದರೆ ಗುಡ್ಡ ಅವಳ ಸ್ವಂತದ್ದು. ಅವಳು ಹೂಂ ಅನ್ನದೆ ಬೇಟೆಗಾರರು ಅಲ್ಲಿ ಕಾಲಿಡುವಂತಿರಲಿಲ್ಲ. ಅವಳೋ, ಸುಲಭಕ್ಕೆ ಹೂಂ ಅನ್ನುವ ಹೆಂಗಸಲ್ಲ.

ಅವಳನ್ನು ಒಪ್ಪಿಸುವ ಕೆಲಸ ಗಿಲ್ಸುವಿನ ಕೊರಳಿಗೆ ಬಿತ್ತು. ಗಿಲ್ಸು ಮನೆಮನೆಯ ಬಾಯ್ಲರ್ ರಿಪೇರಿ ಮಾಡುವವನು. ಬೆಳೆ ಹಾಳುಮಾಡುವ ಪ್ರಾಣಿಗಳನ್ನು ಹೊಡೆಯಲು ಪರವಾನಗಿ ಪಡೆದಿದ್ದವರಲ್ಲಿ ಅವನೂ ಒಬ್ಬ. ಬೇಕಾದಾಗ ಪೊಲೀಸ್ ಠಾಣೆಯಿಂದ ತನ್ನ ಬಂದೂಕು ಬಿಡಿಸಿಕೊಂಡು ಬರುತ್ತಿದ್ದ, ಕೆಲಸ ಮುಗಿದ ಮೇಲೆ ಅಲ್ಲೇ ಒಪ್ಪಿಸುತ್ತಿದ್ದ. ಐವತ್ತು ದಾಟಿದ್ದರೂ ಯಾರೆದುರೂ ದನಿ ಎತ್ತಿದವನಲ್ಲ. ಅದಕ್ಕೇ ಊರ ಮುಖಂಡ ಬ್ಯೊನ್ ಅವನನ್ನು ಆರಿಸಿದ.

"ನಾನ್ ಹೋದ್ರೆ ಪೊರಕೆ ತಗೋತಾಳೆ. ನಿಂಗಾದ್ರೆ ಊಟಕ್ಕಾದ್ರೂ ಹಾಕ್ತಾಳೆ, ಹೋಗು," ಅಂದ.

ಅಜ್ಜಿ ಊಟಕ್ಕೇನೋ ಹಾಕಿದಳು. ಬಿಸಿ ಅನ್ನ, ಸೊಪ್ಪಿನ ಸಾರು, ಚೆನ್ನಾಗಿ ಹುಳಿ ಬಂದ ಎಲೆಕೋಸಿನ ಕಿಮ್ಚಿ.

"ತಿನ್ನು. ತಿಂದು ಮನೆಗ್ ಹೋಗು. ಗುಡ್ಡದ ಮಾತು ಎತ್ತಬೇಡ."

"ಒಂದೇ ಒಂದು ದಿನ ಅಮ್ಮಾ..."

"ಅಲ್ಲಿ ನಮ್ಮನೆಯವರು ಮಲಗಿದಾರೆ ಕಣಪ್ಪ. ವಿಯೆಟ್ನಾಂ ಯುದ್ಧದಿಂದ ಬಂದ್ಮೇಲೆ ಆ ಮನುಷ್ಯ ಪಟಾಕಿ ಸದ್ದಿಗೂ ಬೀರು ಒಳಗೆ ನುಗ್ಗೋರು. ಈಗ ತಾನೇ ನೆಮ್ಮದಿಯಾಗಿ ನಿದ್ದೆ ಹತ್ತಿದೆ. ತಲೆ ಮೇಲೆ ಢಂ ಅನ್ನಿಸ್ತೀಯಾ?"

ಗಿಲ್ಸು ಊಟ ಮುಗಿಸಿ ಎದ್ದ. ಅವಳ ಬಾಯ್ಲರ್‌ನ ಸೋರುವ ಕೊಳವೆಯನ್ನು ಬಿಗಿಮಾಡಿ ಕೊಟ್ಟು ಬರಿಗೈಯಲ್ಲಿ ಹಿಂದಿರುಗಿದ.

ಗೆಣಸು ಅಗೆಯುವ ಕೆಲಸ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಅಜ್ಜಿಯೇ ಫೋನು ಮಾಡಿದಳು. "ಗಿಲ್ಸೂ, ಗುಡ್ಡಕ್ಕೆ ಬಾರಪ್ಪ," ಎಂದಷ್ಟೇ ಹೇಳಿ ಇಟ್ಟುಬಿಟ್ಟಳು.

ಅವನು ಏದುಸಿರು ಬಿಡುತ್ತ ಹತ್ತಿ ಹೋದ. ಹಂದಿಗಳು ಸಮಾಧಿಯನ್ನು ಬಗೆದುಹಾಕಿದ್ದವು. ಹುಲ್ಲು ಹೊದಿಸಿದ ದುಂಡಗಿನ ಮಣ್ಣಿನ ಗುಪ್ಪೆಯ ಒಂದು ಪಕ್ಕ ಪೂರ್ತಿ ಕುಸಿದು ಕೆಂಪು ಮಣ್ಣು ಕಾಣುತ್ತಿತ್ತು. ಅಜ್ಜಿ ಮಂಡಿಯೂರಿ ಕುಳಿತು, ಮಣ್ಣನ್ನು ಬೊಗಸೆಯಲ್ಲಿ ಮೊಗೆದು ಮತ್ತೆ ಅಲ್ಲಿಗೇ ಒತ್ತುತ್ತಿದ್ದಳು. ಮಗುವಿನ ಹೊದಿಕೆ ಸರಿಮಾಡುವ ಹಾಗೆ.

"ಬಂದೂಕು ತಗೊಂಬಾ," ಅಂದಳು ತಲೆಯೆತ್ತದೆ. "ಹೊಡಿ. ಒಂದೂ ಉಳೀಬಾರದು. ಇವರಿಗೆ ನಾನ್ ಹೇಳ್ಕೋತೀನಿ."

ಊರೇ ಬೇಡಿಕೊಂಡಿದ್ದ ಒಪ್ಪಿಗೆ ಹೀಗೆ ತಾನಾಗಿ ಸಿಕ್ಕಿತು. ಆದರೆ ಬಗ್ಗಿ ಮಣ್ಣು ನೋಡಿದ ಗಿಲ್ಸುವಿನ ಮೂಗಿಗೆ ಅಕ್ಕಿ ಹೆಂಡದ ವಾಸನೆ ಅಡರಿತು. ನೆಲ ಅದರಲ್ಲೇ ನೆನೆದು ನೆನೆದು ಎರೆಹುಳು ತುಂಬಿಕೊಂಡಿದ್ದವು. ಒಣಮೀನಿನ ಚೂರುಗಳೂ ಬಿದ್ದಿದ್ದವು. ಹಂದಿಗಳನ್ನು ಇಲ್ಲಿಗೆ ಕರೆದವರು ಯಾರೆಂದು ಅವನಿಗೆ ತಿಳಿದುಹೋಯಿತು. ಹೇಳುವುದು ಹೇಗೆ?

"ದಿನಾ ಹೆಂಡ ಇಟ್ಟು ಸಮಾಧಿ ಮೇಲೆ ಹೊಯ್ತೀರಾ ಅಮ್ಮಾ?"

"ಹೊಯ್ಯದೆ? ಬದುಕಿದ್ದಾಗ ತೊಟ್ಟು ಕುಡಿಯೋಕೆ ಬಿಟ್ಟವಳಲ್ಲ ನಾನು. ಬಾಟ್ಲಿ ಕಂಡ್ರೆ ಚರಂಡಿಗೆ ಸುರೀತಿದ್ದೆ. ಆಸ್ಪತ್ರೇಲಿ ಕೊನೇಗೆ, ಒಂದು ಗುಟುಕು ಕೊಡೇ ಅಂದ್ರು. ಡಾಕ್ಟ್ರು ಬೈತಾರೆ ಸುಮ್ನಿರಿ ಅಂದ್ಬಿಟ್ಟೆ." ಅವಳು ಮಣ್ಣಿನ ಕೈಯಲ್ಲೇ ಮೂಗು ಒರೆಸಿಕೊಂಡಳು. "ಈಗ ತುಂಬ ತುಂಬ ಕೊಡ್ತಿದೀನಿ."

ಗಿಲ್ಸು ಅವಳ ಪಕ್ಕದಲ್ಲಿ ಕುಳಿತ. ತಾನೂ ಒಂದಿಷ್ಟು ಮಣ್ಣು ಒತ್ತಿದ. ಆಮೇಲೆ ಮೆಲ್ಲಗೆ, "ಅಮ್ಮಾ, ಅದಕ್ಕೇ ಹಂದಿ ಬರ್ತಿರೋದು. ಈ ವಾಸನೆಗೇ," ಅಂದ.

ಅಜ್ಜಿಯ ಕೈ ನಿಂತಿತು. ಬೈಯುತ್ತಾಳೆ ಎಂದು ಅವನು ಕಾದ. ಆಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದುಕೊಂಡರೆ, ನಗುತ್ತಿದ್ದಳು.

"ಹಂದಿಗಳ ಜೊತೆ ಕೂತು ಕುಡಿದ್ರಾ, ನಮ್ಮ ರಾಯರು! ಹೋಗ್ಲಿ, ಜೊತೆಗೆ ಯಾರಾದ್ರೂ ಇದ್ರಲ್ಲ." ನಗುತ್ತಲೇ ಅವಳ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಗಿಲ್ಸು ತೀರ್ಮಾನ ಮಾಡಿಯಾಗಿತ್ತು. "ಇಲ್ಲಿ ಬಂದೂಕು ಬೇಡ ಅಮ್ಮಾ. ನೀವು ಹೆಂಡ ಇಟ್ಟು ನಮಸ್ಕಾರ ಮಾಡಿ, ಆಮೇಲೆ ವಾಪಸ್ ಮನೆಗೆ ತಗೊಂಡ್ಹೋಗಿ. ಅದರ ತಳದ ಗಸಿ ಇದ್ರೆ ನಂಗೆ ಕೊಡಿ. ಹೊಳೆ ಆಚೆ ಬ್ಯೊನ್ ಹೊಲದಲ್ಲಿ ಅದನ್ನ ಹಾಕಿ ಬೋನು ಇಡ್ತೀನಿ."

ಬ್ಯೊನ್ ಗೊಣಗಿದ. "ಗುಡ್ಡ ಅವಳ್ದು, ಹಂದಿ ಅವಳ್ದು, ಬೋನು ಮಾತ್ರ ನನ್ ಹೊಲದಲ್ಲಾ?" ಹಾಗೆಂದರೂ ಕಬ್ಬಿಣದ ಬೋನನ್ನು ಲಾರಿಯಿಂದ ಇಳಿಸಲು ಹೆಗಲು ಕೊಟ್ಟ. ಗುಡ್ಡದಲ್ಲಿ ಹೆಂಡದ ವಾಸನೆ ಆರಿತು, ಬೋನಿನಲ್ಲಿ ಹಬ್ಬಿತು. ಕೆಲವು ದಿನ ಹಂದಿಗಳು ಸುತ್ತ ಸುಳಿದಾಡಿ ಹೋದವು. ಆಮೇಲೊಂದು ಬೆಳಿಗ್ಗೆ ದೊಡ್ಡ ಹೆಣ್ಣುಹಂದಿಯೂ ಬೆಳೆದ ಎರಡು ಮರಿಗಳೂ ಒಳಗೆ ಸಿಕ್ಕಿದ್ದವು.

ಠಾಣೆಯಿಂದ ಬಂದೂಕು ತಂದ ಗಿಲ್ಸು ಮೊದಲು ಅಜ್ಜಿಗೆ ಫೋನು ಮಾಡಿದ. "ಅಮ್ಮಾ, ಹೊಳೆ ಆಚೆಯಾದ್ರೂ ಸದ್ದು ಬರುತ್ತೆ."

"ತಡಿ. ನಾನ್ ಗುಡ್ಡ ಹತ್ತೋವರೆಗೂ ಹೊಡೀಬೇಡ."

ಅವನು ಕಾದ. ಬ್ಯೊನ್ ಚಡಪಡಿಸಿದ. ಬಹಳ ಹೊತ್ತಿನ ಮೇಲೆ ಗುಡ್ಡದಿಂದ ರೇಡಿಯೊ ಸದ್ದು ಕೇಳಿಬಂತು. ಯಾವುದೋ ಹಳೆಯ ಪ್ರೇಮಗೀತೆ, ಕರ್ಕಶವಾಗಿ, ದನಿ ಪೂರ್ತಿ ಏರಿಸಿ ಹಾಕಿದ್ದು. ಪೈನ್ ಮರಗಳ ನಡುವೆ ಅಜ್ಜಿ ಸಮಾಧಿಗೆ ಒರಗಿ, ಎರಡೂ ಅಂಗೈಗಳನ್ನು ಹುಲ್ಲಿನ ಮೇಲೆ ಇಟ್ಟು ಕುಳಿತಿದ್ದು ಚಿಕ್ಕದಾಗಿ ಕಂಡಿತು.

ಹಾಡಿನ ದನಿ ಏರುವ ಹೊತ್ತು ನೋಡಿಕೊಂಡು ಗಿಲ್ಸು ಕೆಲಸ ಮುಗಿಸಿದ. ಬೇಗ ಮುಗಿಸಿದ, ಪ್ರಾಣಿಗಳು ನರಳದ ಹಾಗೆ.

ಸಂಜೆ ಹೋದಾಗ ಅಜ್ಜಿ ಕೇಳಿದಳು, "ತಾಯೀನಾ?"

"ಹೂಂ ಅಮ್ಮಾ."

ಅವಳು ಒಳಗೆ ಹೋಗಿ, ಗುಡ್ಡದಿಂದ ಇಳಿಸಿ ತಂದ ಹೆಂಡದ ಬಟ್ಟಲನ್ನು ಅವನ ಮುಂದಿಟ್ಟಳು. "ನಮ್ಮನೆಯವರು ಮುಟ್ಟಿ ಕೊಟ್ಟಿದ್ದು. ಕುಡಿ. ಒಂದೇ ಬಟ್ಲು, ಜಾಸ್ತಿ ಕೇಳ್ಬೇಡ. ನಾಳೆ ಸಮಾಧಿಗೆ ಹಾಕೋ ಹುಲ್ಲುಹೆಂಟೆ ಹೊರೋಕೆ ಬರ್ತೀಯಲ್ಲ?"

"ಬರ್ತೀನಿ," ಅಂದ ಗಿಲ್ಸು. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.