ಕಾಲ್ದೆಸೆಯ ಇಟ್ಟಿಗೆಗಳು

ಮುನಿಗಂಗಮ್ಮ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತು ಎರಡೂ ಕೈಗಳಿಂದ ಚೌಕಟ್ಟು ಹಿಡಿದುಕೊಂಡಳು.

"ಯಾರೂ ಒಳಕ್ಕೆ ಬರ್ಬ್ಯಾಡ್ರಿ. ಮೊದ್ಲು ನಾನೊಬ್ಳೇ ಮೈ ತೊಳೀತೀನಿ. ಆಮ್ಯಾಕೆ ಅಂಗಳಕ್ಕೆ ತಂದು ನೀವು ನೀರು ಉಯ್ಯಿರಂತೆ."

ಅಂಗಳದಲ್ಲಿ ಆಗಲೇ ನಾಲ್ಕೂ ಕಡೆ ಸೀರೆ ಹಿಡಿದು ಮರೆ ಮಾಡಿಯಾಗಿತ್ತು. ಹಂಡೆಯಲ್ಲಿ ನೀರು ಕಾದಿತ್ತು, ಸೀಗೆಪುಡಿ ಕಲಸಿಯಾಗಿತ್ತು. ಸತ್ತವಳಿಗೆ ಮಗಳೂ ಸೊಸೆಯೂ ಸೇರಿ ಮೈ ತೊಳೆಯುವುದು ಬಾಗಲೂರು ರಸ್ತೆಯ ಆ ಊರಿನಲ್ಲಿ ಅಜ್ಜಿ ಮುತ್ತಜ್ಜಿಯರ ಕಾಲದಿಂದ ಬಂದ ಪದ್ಧತಿ. ಅದಕ್ಕೆ ಎಪ್ಪತ್ತು ದಾಟಿದ ಸೂಲಗಿತ್ತಿಯೊಬ್ಬಳು ಬಂದು ಅಡ್ಡಗಾಲು ಹಾಕಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

"ಏನಜ್ಜಿ ಇದು, ನಮ್ಮತ್ತೆ ಮೈ ನಾವು ಮುಟ್ಬಾರ್ದಾ?" ಎಂದಳು ಸೊಸೆ ಗೋಪಾಲಮ್ಮ. "ಬದುಕಿದ್ದಾಗ್ಲೂ ಹತ್ರ ಸೇರಿಸ್ಲಿಲ್ಲ. ಈಗ ನೀನು ಬೇರೆ."

ಜಗಲಿಯ ಮೇಲಿಂದ ಊರ ಹಿರಿಯ ಪಿಳ್ಳಪ್ಪ ಗದರಿದ. "ಬಿಸ್ಲು ಏರ್ತೈತೆ ಮುನಿಗಂಗಿ. ಕೊಟ್ಟಿಗೇಲಿ ಎಣ ತೊಳೆಯೋದು ಎಲ್ಲಾದ್ರೂ ಉಂಟಾ?"

"ಅತ್ತು ವರ್ಸದಿಂದ ಅವ್ಳು ಮಲಗ್ತಾ ಇದ್ದಿದ್ದು ಈ ಕೊಟ್ಟಿಗೇಲೇ ಅಲ್ವಾ ಪಿಳ್ಳಪ್ಪ? ಅವಾಗ ಎಲ್ಲಾದ್ರೂ ಉಂಟಾ ಅಂತ ನೀನು ಕೇಳ್ಲಿಲ್ಲ."

ಸಾವಿನ ಮನೆಯಲ್ಲಿ ಕೆಲಸಕ್ಕೆ ಒಬ್ಬರಾದರೆ ಬುದ್ಧಿ ಹೇಳುವುದಕ್ಕೆ ಹತ್ತು ಜನ. ಆ ಹತ್ತೂ ಜನರ ಮುಂದೆಯೇ ಮುನಿಗಂಗಮ್ಮ ಬಾಗಿಲು ಮುಚ್ಚಿ ಅಗುಳಿ ಹಾಕಿದಳು.

ಕೃಷ್ಣಮ್ಮ ಹಲಗೆಯ ಮೇಲೆ ಮಲಗಿದ್ದಳು. ಹಲಗೆಯ ಕಾಲ್ದೆಸೆಗೆ ಎರಡು ಇಟ್ಟಿಗೆ ಕೊಟ್ಟಿತ್ತು. ತಲೆ ತಗ್ಗಿನಲ್ಲಿ, ಕಾಲು ಎತ್ತರದಲ್ಲಿ ಇಟ್ಟು ಮಲಗುವ ಈ ಹೆಂಗಸನ್ನು ಕಂಡು ಊರು ಎಷ್ಟೋ ವರ್ಷ ನಕ್ಕಿತ್ತು. ಯಾರ ಮನೆಯ ಮದುವೆಗೆ ಹೋದರೂ ಪಂಕ್ತಿಯಲ್ಲಿ ಕೂರದೆ ಕಂಬಕ್ಕೊರಗಿ ನಿಂತೇ ಇರುತ್ತಿದ್ದಳೆಂದು ಸೊಕ್ಕಿನವಳು ಎಂದಿತ್ತು. ಆಮೇಲಾಮೇಲೆ ಅವಳು ಮದುವೆಗೂ ಹೋಗಲಿಲ್ಲ, ಚಿಕ್ಕಬಾಣಾವರಕ್ಕೆ ಕೊಟ್ಟ ಮಗಳ ಮನೆಗೂ ಹೋಗಲಿಲ್ಲ. ಆಗ ಊರು ಅವಳನ್ನು ಮರೆತು ಸುಮ್ಮನಾಯಿತು.

"ಮಾತು ಕೊಟ್ಟಿದ್ದೆ ಕಣೇ. ಬಂದಿದೀನಿ," ಎಂದು ಮುನಿಗಂಗಮ್ಮ ಸೀರೆ ಸಡಿಲಿಸಿದಳು.

ಅವಳು ತೆಗೆಯಬೇಕಾಗಿದ್ದುದು ಒಂದು ಪುಟ್ಟ ಬಟ್ಟೆಯ ಸಿಂಬೆ. ಬಿಂದಿಗೆ ಹೊರುವಾಗ ತಲೆಗೆ ಇಟ್ಟುಕೊಳ್ಳುತ್ತಾರಲ್ಲ, ಅದರ ಮರಿ. ಹಳೆಯ ಸೀರೆಯ ಅಂಚು ಸುತ್ತಿ, ಹರಳೆಣ್ಣೆಯಲ್ಲಿ ನೆನೆಸಿ, ಜಾರಿದ ಗರ್ಭಕೋಶಕ್ಕೆ ಒಳಗಿನಿಂದ ಆಸರೆ ಇರಲೆಂದು ಮುನಿಗಂಗಮ್ಮನೇ ಮಾಡಿಕೊಟ್ಟದ್ದು. ಪ್ರತಿ ರಾತ್ರಿ ತೆಗೆದು ತೊಳೆದು ಒಣಗಿಸಬೇಕು. ಒಣಗಿಸುವುದಾದರೂ ಎಲ್ಲಿ? ತುಂಬಿದ ಮನೆಯಲ್ಲಿ ಯಾರ ಕಣ್ಣಿಗೂ ಬೀಳದ ಹಗ್ಗ ಯಾವುದಿದೆ? ಇದು ಎಷ್ಟು ದಿನದಿಂದ ಒಳಗೇ ಉಳಿದಿತ್ತೋ. ಬಟ್ಟೆಯ ಬಣ್ಣವೇ ಬದಲಾಗಿತ್ತು.

ಸಾಯುವ ಮುನ್ನ ನಾಲ್ಕು ದಿನ ಕೃಷ್ಣಮ್ಮನಿಗೆ ನಡುಗಿಸುವ ಚಳಿಜ್ವರ. ಯಲಹಂಕದ ಕಾಂಪೌಂಡರು ಮಲೇರಿಯ ಎಂದು ಗುಳಿಗೆ ಕೊಟ್ಟ. ನೋಡಲು ಬಂದ ಮುನಿಗಂಗಮ್ಮನ ಮೂಗಿಗೆ ಮಾತ್ರ ಇದು ಮಲೇರಿಯ ಅಲ್ಲವೆಂದು ತಿಳಿದಿತ್ತು. ಕೃಷ್ಣಮ್ಮ ಅವಳ ಕೈ ಗಟ್ಟಿಯಾಗಿ ಹಿಡಿದು, "ಯಾರ್ಗೂ ಯೋಳ್ಬ್ಯಾಡ ಕಣಕ್ಕ" ಎಂದಳು. ಮುನಿಗಂಗಮ್ಮ ಹೇಳಲಿಲ್ಲ. ಮಾತು ಉಳಿಸಿಕೊಂಡಳು, ಗೆಳತಿಯನ್ನು ಕಳೆದುಕೊಂಡಳು.

ಸಿಂಬೆಯನ್ನು ಚಿಂದಿಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೆರೆಯಂಗಳದಲ್ಲಿ ಹೂತುಬಿಟ್ಟರೆ ಈ ಗುಟ್ಟಿಗೂ ಮಣ್ಣಾಯಿತು. ಆಮೇಲೆ ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಹಸುಗೂಸಿಗೆ ಮಾಡುವಷ್ಟು ಮೆಲ್ಲಗೆ ಮೈ ಒರೆಸಿದಳು. ಒರೆಸುತ್ತ ಅತ್ತಳು.

* * *

ಇಪ್ಪತ್ತಾರು ವರ್ಷದ ಹಿಂದೆ, ಕೃಷ್ಣಮ್ಮನ ಕೊನೆಯ ಹೆರಿಗೆ. ಮೂರು ಹೆಣ್ಣಾಗಿದ್ದವು, ಲಕ್ಕಮ್ಮ ಒಬ್ಬಳು ಉಳಿದಿದ್ದಳು. ಈ ಸಲ ಗಂಡೇ ಆಗಬೇಕೆಂದು ಮನೆಯವರೆಲ್ಲ ಬಾಗಿಲಲ್ಲಿ ಕಾದಿದ್ದರು. ಅವರ ಅವಸರ ಮುನಿಗಂಗಮ್ಮನ ಕೈಗೂ ಹತ್ತಿತು. ನೋವು ಪೂರ್ತಿ ಕೂಡುವ ಮೊದಲೇ "ಮುಕ್ಕು, ಮುಕ್ಕು" ಎಂದಳು, ಹೊಟ್ಟೆಯ ಮೇಲೆ ಮೊಣಕೈ ಊರಿ ಒತ್ತಿದಳು. ಗಂಡೇ ಆಯಿತು. ಮುನಿಕೃಷ್ಣಪ್ಪ ಎಂದು ಹೆಸರಿಟ್ಟರು. ಸೂಲಗಿತ್ತಿಗೆ ಹೊಸ ಸೀರೆಯೂ ಸಿಕ್ಕಿತು.

ಹನ್ನೆರಡನೇ ದಿನಕ್ಕೆ ಕೃಷ್ಣಮ್ಮ ಗೊಬ್ಬರದ ಮಂಕರಿ ತಲೆಗೇರಿಸಿದಳು. "ಓಗ್ಬೋದಾ ಅಕ್ಕ?" ಎಂದು ಕೇಳಿದ್ದಳು. ಮುನಿಗಂಗಮ್ಮ ಹೂಂ ಅಂದಿದ್ದಳು. ಎಲ್ಲರೂ ಹೋಗುತ್ತಿದ್ದರು, ಇವಳೂ ಹೋದಳು. ಆ ಸುಗ್ಗಿಯೊಳಗೆ ಒಂದು ಸಂಜೆ ಮುನಿಗಂಗಮ್ಮನ ಹಿತ್ತಲಿಗೆ ಓಡಿಬಂದು, "ಅಕ್ಕ, ಏನೋ ಕೆಳಕ್ಕೆ ಬಂದೈತೆ, ಕೈಗೆ ಸಿಗ್ತೈತೆ" ಎಂದಿದ್ದಳು.

* * *

ಐವತ್ತನಾಲ್ಕನೇ ಇಸವಿಯಲ್ಲಿ ಒಮ್ಮೆ ಇಬ್ಬರೂ ಬಸ್ಸು ಹತ್ತಿ ಬೆಂಗಳೂರಿನ ಆಸ್ಪತ್ರೆಗೆ ಹೋದರು. ಮನೆಯಲ್ಲಿ ಹೇಳಿದ್ದು ಯಶವಂತಪುರದ ಸಂತೆಗೆಂದು. ಕನ್ನಡಕದ ದಾದಿ ಪರೀಕ್ಷೆ ಮಾಡಿ, ಸಿಂಬೆಯನ್ನು ಇಕ್ಕಳದಲ್ಲಿ ಎತ್ತಿ ಹಿಡಿದಳು.

"ನಾಚ್ಕೋಬೇಡಿ ಅಮ್ಮ. ಹೆತ್ತವರಲ್ಲಿ ಎಷ್ಟೋ ಜನಕ್ಕೆ ಹೀಗಾಗತ್ತೆ, ಹೇಳ್ಕೊಳ್ಳಲ್ಲ ಅಷ್ಟೆ. ಇದಕ್ಕೆ ರಬ್ಬರ್ ಬಳೆ ಇದೆ, ನಾವೇ ಹಾಕ್ತೀವಿ. ಮೂರು ತಿಂಗಳಿಗೊಂದ್ಸಲ ಬಂದು ತೊಳೆಸ್ಕೊಂಡು ಹೋಗ್ಬೇಕು. ಅದಕ್ಕೂ ನಿಲ್ಲಲಿಲ್ಲ ಅಂದ್ರೆ ಆಪರೇಷನ್ ಮಾಡ್ತಾರೆ. ಭಾರ ಎತ್ತಬೇಡಿ. ಉಚ್ಚೆ ತಡ್ಕೊಳ್ಳೋ ಹಾಗೆ ಒಳಗೇ ಬಿಗಿ ಹಿಡಿದು ಬಿಡೋದು ದಿನಾ ಅಭ್ಯಾಸ ಮಾಡಿ. ಕಾಲ್ಕಡೆಗೆ ಎರಡು ಇಟ್ಟಿಗೆ ಕೊಟ್ಟು ಮಲಗಿ, ಸ್ವಲ್ಪ ಹಗುರ ಆಗತ್ತೆ. ಆದ್ರೆ ಈ ಬಟ್ಟೆ ಮಾತ್ರ ಬೇಡ. ಕೀವಾಗಿ ಜೀವಕ್ಕೇ ಬರತ್ತೆ. ಯಾರು ಮಾಡ್ಕೊಟ್ಟಿದ್ದು ಇದನ್ನ?"

ಮುನಿಗಂಗಮ್ಮ ಗೋಡೆ ನೋಡಿದಳು. ಕೃಷ್ಣಮ್ಮ ಸೆರಗು ಸರಿಮಾಡಿಕೊಂಡು, "ಊರಲ್ಲಿ ಯಾರೋ" ಎಂದಳು.

ವಾಪಸ್ ಬರುವಾಗ ಹೆಬ್ಬಾಳದ ಕೆರೆ ದಾಟುವವರೆಗೂ ಮುನಿಗಂಗಮ್ಮನ ಕಿವಿ ಬಿಸಿಯಾಗಿಯೇ ಇತ್ತು. ಮುನ್ನೂರು ಕೂಸು ಎತ್ತಿದ ಕೈಗೆ, ನಿನ್ನೆ ಮೊನ್ನೆಯ ಹುಡುಗಿ ಬುದ್ಧಿ ಹೇಳುವುದೇ? "ರಬ್ಬರು ಅಂತೆ! ಲಾರಿ ಚಕ್ರಕ್ಕೆ ಆಕೋದು ಅದು. ಕತ್ತರಿ ಆಕುಸ್ಕಂಡೋರು ಯಾರೇ ಬದುಕೌರೆ? ಬ್ಯಾಡ ಕಣೇ."

"ನೀನು ಬ್ಯಾಡ ಅಂದ್ರೆ ಬ್ಯಾಡ ಬಿಡಕ್ಕ," ಎಂದಳು ಕೃಷ್ಣಮ್ಮ. ಆಮೇಲೆ ಬಸ್ಸಿನ ಕಿಟಕಿಯಾಚೆ ನೋಡುತ್ತ ಹೇಳಿದಳು. "ಒಂದು ಮಾತು ಕೊಡು. ನಾನು ಸತ್ರೆ ನನ್ ಮೈ ನೀನೇ ತೊಳೀಬೇಕು. ನನ್ ಮಕ್ಳು ನೋಡ್ಬಾರ್ದು."

ದಾದಿ ಹೇಳಿದ್ದರಲ್ಲಿ ಇಟ್ಟಿಗೆಯ ಮಾತೊಂದನ್ನು ಮುನಿಗಂಗಮ್ಮ ಒಪ್ಪಿಕೊಂಡಳು. ಅದರಲ್ಲಿ ಅವಳ ಕೈಗೇನೂ ಅವಮಾನ ಇರಲಿಲ್ಲ.

* * *

ಅಂಗಳದ ಮರೆಯಲ್ಲಿ ಹೆಂಗಸರು ಸರದಿಯ ಮೇಲೆ ನೀರು ಹಾಕಿದರು. ಗೋಪಾಲಮ್ಮನ ನಂತರ ಮಗಳು ಲಕ್ಕಮ್ಮ ಬಂದಳು. ಬೆಳಗಿನ ರೈಲಿಗೆ ಐದು ತಿಂಗಳ ಕೂಸನ್ನು ಎತ್ತಿಕೊಂಡು ಬಂದಿದ್ದಳು. ತುಂಬಿದ ಬಿಂದಿಗೆ ಎತ್ತಲು ಬಾಗಿದವಳು ಅರ್ಧಕ್ಕೇ ನಿಂತಳು. ಎಡಗೈ ಸೀರೆಯ ಮೇಲಿಂದಲೇ ಕಿಬ್ಬೊಟ್ಟೆಯ ಕೆಳಗೆ ಒತ್ತಿತು. ತೊಡೆಗಳು ಒಂದಕ್ಕೊಂದು ಅಂಟಿದವು.

"ಕುಕ್ಕರುಗಾಲಲ್ಲಿ ಕೂತು ಪಾದ ತೊಳಿಯವ್ವ," ಎಂದಳೊಬ್ಬಳು.

"ನಿಂತೇ ಆಕ್ತೀನಿ. ಒಂದು ಚೊಂಬು ಕೊಡಿ ಸಾಕು."

"ಅವ್ವನಂಗೇ ಬಿಗುಮಾನ ನೋಡು ಇವ್ಳಿಗೂ."

ಸೂಲಗಿತ್ತಿಯ ಕಣ್ಣಿಗೆ ಏನು ಮುಚ್ಚುಮರೆ? ಇಪ್ಪತ್ತಾರು ವರ್ಷ ನೋಡಿದ ನಿಲುವು ಅದು. ಅದೇ ಕೈ, ಅದೇ ಜಾಗದಲ್ಲಿ. ಬಾಯಿ ಬಿಟ್ಟರೆ ಸತ್ತವಳಿಗೆ ಕೊಟ್ಟ ಮಾತು ಮುರಿಯುತ್ತದೆ. ಸುಮ್ಮನಿದ್ದರೆ ಇನ್ನೊಂದು ಹೆಣ ತೊಳೆಯಬೇಕಾಗುತ್ತದೆ.

ಗಂಡಸರು ಹೊತ್ತು ನಡೆದರು. ತಮಟೆಯ ಸದ್ದು ಕೆರೆ ಏರಿಯ ಆಚೆಗೆ ಇಳಿಯಿತು. ಹೆಂಗಸರು ಅಂಗಳ ಸಾರಿಸಲು ತೊಡಗಿದಾಗ ಮುನಿಗಂಗಮ್ಮ ಲಕ್ಕಮ್ಮನ ರಟ್ಟೆ ಹಿಡಿದು ಕೊಟ್ಟಿಗೆಗೆ ಕರೆದುಕೊಂಡು ಹೋದಳು.

"ಎಷ್ಟು ದಿನ ಆಯ್ತು?"

"ಏನಜ್ಜಿ?"

"ಜಾರಿ ಎಷ್ಟು ದಿನ ಆಯ್ತು?"

ಲಕ್ಕಮ್ಮ ಹಲಗೆಯ ಅಂಚಿಗೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಳು. "ಎರಡು ತಿಂಗ್ಳು. ಬೆಳಗ್ಗೆ ಚೆನ್ನಾಗಿರ್ತೀನಿ. ಸಂಜೆ ಆದ್ರೆ ಭಾರ, ಏನೋ ಬಿದ್ದೇ ಓಗ್ತೈತೆ ಅನ್ನಂಗೆ. ಕೆಮ್ಮಿದ್ರೆ ಸೀರೆ ಒದ್ದೆ. ಲೋಕದಲ್ಲಿ ನಂಗೊಬ್ಳಿಗೇ ಇಂಗಾಗಿರೋದು ಅಂದ್ಕಂಡಿದ್ದೆ ಅಜ್ಜಿ. ಅವ್ವನ್ನ ಕೇಳಾನ ಅಂತ ಓದ್ತಿಂಗ್ಳು ಬಂದಿದ್ದೆ. ಪಕ್ಕದಲ್ಲಿ ಮಲಕ್ಕಂತೀನಿ ಅಂದ್ರೆ, ಕೊಟ್ಟಿಗೆಗೆ ಬರ್ಬ್ಯಾಡ ಓಗು ಅಂತ ಬಾಗ್ಲು ಆಕ್ಕಂಡ್ಳು."

ಮುನಿಗಂಗಮ್ಮ ಸೊಂಟದಿಂದ ಚಿಂದಿ ಬಿಚ್ಚಿ ಸಿಂಬೆಯನ್ನು ನೆಲದ ಮೇಲಿಟ್ಟಳು.

"ಇದು ನಿಮ್ಮವ್ವಂದು. ಅವ್ಳಿಗೂ ಇದೇ ಆಗಿತ್ತು. ನಾತ ಬತ್ತೈತೆ ಅಂತ ನಿನ್ನ ದೂರ ಇಟ್ಳು. ಮಾಡಿಕೊಟ್ಟೋಳು ನಾನು. ಆಸ್ಪತ್ರೇಲಿ ರಬ್ಬರ್ ಬಳೆ ಆಕ್ತೀವಿ, ಬಟ್ಟೆ ಬ್ಯಾಡ ಅಂದಿದ್ರು. ನಾನು ಕೇಳ್ಲಿಲ್ಲ. ಅವ್ಳಿಗೂ ಬ್ಯಾಡ ಅಂದೆ."

ಲಕ್ಕಮ್ಮ ಅದರ ಕಡೆಗೆ ಬಾಗಿದಳು. "ಅವ್ವ ಸತ್ತಿದ್ದು ಇದ್ರಿಂದಾನಾ?"

"ಗೊತ್ತಿಲ್ಲ ಕಣವ್ವ. ಅಂಗೇ ಅನ್ನಿಸ್ತೈತೆ."

ಲಕ್ಕಮ್ಮ ಎದ್ದು, ಅಜ್ಜಿಯ ಮುಖ ನೋಡದೆ ಹೊರಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡಳು ಮುನಿಗಂಗಮ್ಮ. ಕೃಷ್ಣಮ್ಮ ಇದ್ದಷ್ಟು ದಿನ ಈ ಊರಿನಲ್ಲಿ ಅವಳಿಗೆಂದು ತೆರೆಯುವ ಒಂದು ಬಾಗಿಲಿತ್ತು. ಈಗ ಅವಳು ಖಾಲಿ ಕೊಟ್ಟಿಗೆಯಲ್ಲಿ ಒಬ್ಬಳೇ ಕೂತಿದ್ದಳು.

ಮಣ್ಣು ಮಾಡಿ ಬಂದು ಗಂಡಸರು ಸ್ನಾನ ಮುಗಿಸಿದರು. ಮಗ ಮುನಿಕೃಷ್ಣಪ್ಪ ಕೊಟ್ಟಿಗೆ ಖಾಲಿ ಮಾಡಲು ಬಂದವನು ಇಟ್ಟಿಗೆಗಳನ್ನು ಕಾಲಿನಿಂದ ತಿಪ್ಪೆಯ ಕಡೆಗೆ ಸರಿಸಿದ.

"ಎಸೀಬ್ಯಾಡ್ವೋ. ನಂಗೆ ಬೇಕು." ಲಕ್ಕಮ್ಮ ಬಾಗಿಲಲ್ಲಿ ನಿಂತಿದ್ದಳು.

"ಚಿಕ್ಕಬಾಣಾವರದಲ್ಲಿ ಇಟ್ಟಿಗೆ ಸಿಗಲ್ವಾ ಅಕ್ಕ?"

ಅವಳು ಎತ್ತಲು ಬಾಗಿದಳು. ಮುನಿಗಂಗಮ್ಮ ಕೂತಲ್ಲಿಂದಲೇ, "ನೀನೆತ್ಬ್ಯಾಡ!" ಎಂದು ಕೂಗಿದಳು. ಲಕ್ಕಮ್ಮ ಇಟ್ಟಿಗೆಯನ್ನು ಅಲ್ಲೇ ಬಿಟ್ಟು ನೆಟ್ಟಗಾದಳು.

"ಮೂರ್ ದಿನದ ಕಾರ್ಯ ಆದ್ಮೇಲೆ ಆಸ್ಪತ್ರೆಗೆ ಓಗ್ತೀನಿ," ಎಂದಳು ಲಕ್ಕಮ್ಮ. "ನೀನೂ ಬರ್ಬೇಕು. ಆ ಬಟ್ಟೆ ಮಾಡಿದ್ದು ನಾನೇ ಅಂತ ಅವ್ರ ಮುಂದೆ ನೀನೇ ಯೋಳ್ಬೇಕು."

"ಬತ್ತೀನಿ," ಎಂದಳು ಮುನಿಗಂಗಮ್ಮ. "ಯೋಳ್ತೀನಿ."

ಮುನಿಕೃಷ್ಣಪ್ಪನ ಕೈಲಿ ಹಲಗೆ ಹೊರಿಸಿ, ಇಟ್ಟಿಗೆಗಳನ್ನು ತಾನೇ ಕಂಕುಳಿಗೆ ಏರಿಸಿಕೊಂಡು ಕೊಟ್ಟಿಗೆ ದಾಟಿದಳು. ನಡುಮನೆಯಲ್ಲಿ, ಸತ್ತವಳ ಹೆಸರಿನಲ್ಲಿ ಹಚ್ಚಿಟ್ಟ ದೀಪದ ಸುತ್ತ ಹೆಂಗಸರು ಕೂತಿದ್ದರು. ಅವರ ನಡುವೆಯೇ ಹಲಗೆ ಹಾಕಿಸಿ, ಕಾಲ್ದೆಸೆಗೆ ಇಟ್ಟಿಗೆ ಕೊಟ್ಟಳು.

"ಅತ್ತೆ ಇಟ್ಟಿಗೆ ಇಲ್ಲಿಗ್ಯಾಕಜ್ಜಿ?" ಎಂದಳು ಗೋಪಾಲಮ್ಮ.

ಲಕ್ಕಮ್ಮ ಕೂಸನ್ನು ಎದೆಗೆ ಹಾಕಿಕೊಂಡು, ಎಲ್ಲರ ಕಣ್ಣೆದುರಿಗೇ, ತಾಯಿಯ ಹಲಗೆಯ ಮೇಲೆ ಕಾಲು ನೀಡಿ ಮಲಗಿದಳು. ಒಂದು ಇಟ್ಟಿಗೆ ಸ್ವಲ್ಪ ಅಲುಗಿತು. ಮುನಿಗಂಗಮ್ಮ ಅದರ ಪಕ್ಕ ನೆಲಕ್ಕೆ ಕುಳಿತು ಎರಡೂ ಕೈಗಳಿಂದ ಅದನ್ನು ಹಿಡಿದುಕೊಂಡಳು.