ಅಕ್ಕನ ಹೊಸ ವೈಸ್

ಅಕ್ಕ ಹೊಸ ವೈಸ್ ಕೊಳ್ಳುತ್ತೇನೆ ಎಂದ ದಿನ ನಾನು ಊಟ ಬಿಟ್ಟೆ. ಪೂರ್ತಿ ಬಿಟ್ಟೆ ಎಂದರೆ ಸುಳ್ಳಾದೀತು. ಮಧ್ಯಾಹ್ನದ್ದು ಬಿಟ್ಟೆ, ರಾತ್ರಿ ಹಸಿವು ತಡೆಯಲಾಗಲಿಲ್ಲ. ಆದರೆ ಮುಖವನ್ನು ಮಾತ್ರ ಎರಡು ದಿನ ಊದಿಸಿಕೊಂಡೇ ಇದ್ದೆ.

ವೈಸ್ ಎಂದರೆ ಗ್ಯಾರೇಜಿನಲ್ಲಿ ಕಬ್ಬಿಣ ಕಚ್ಚಿ ಹಿಡಿಯುವ ದೊಡ್ಡ ಯಂತ್ರವಲ್ಲ, ಅದರ ಮೊಮ್ಮಗಳು. ಅಕ್ಕ ಮೀನು ಹಿಡಿಯುವವರಿಗೆ ಹುಸಿನೊಣ ಕಟ್ಟಿಕೊಡುತ್ತಾಳೆ. ಗಾಳದ ಸಣ್ಣ ಕೊಕ್ಕೆಗೆ ರೇಷ್ಮೆ ದಾರ, ಹುಂಜದ ಕತ್ತಿನ ಗರಿ, ಮೊಲದ ಕೂದಲು ಸುತ್ತಿ, ನೀರಿನ ಮೇಲೆ ಈಗಷ್ಟೇ ಬಂದು ಕೂತ ನೊಣದ ಹಾಗೆ ಮಾಡುವುದು. ಮೀನು ಅದನ್ನು ನಂಬಿ ಬಾಯಿ ಹಾಕಬೇಕು. ಅಕ್ಕಿಕಾಳಿನಷ್ಟಿರುವ ಕೊಕ್ಕೆಯನ್ನು ಕೈಯಲ್ಲಿ ಹಿಡಿದು ಕಟ್ಟಲಾಗುವುದಿಲ್ಲ. ಮೇಜಿನ ಅಂಚಿಗೆ ಸಿಕ್ಕಿಸಿದ ಪುಟ್ಟ ವೈಸ್ ಅದನ್ನು ಬಾಯಲ್ಲಿ ಕಚ್ಚಿ ಹಿಡಿದಿರುತ್ತದೆ, ಎರಡು ಕೈಯೂ ಕೆಲಸಕ್ಕೆ ಸಿಗುತ್ತವೆ. ವೈಸಿನ ಹಿಡಿತ ಸರಿಯಿಲ್ಲದಿದ್ದರೆ ದಾರ ಎಳೆದಾಗ ಕೊಕ್ಕೆ ಜಾರುತ್ತದೆ. ಕೊಕ್ಕೆ ಜಾರಿದರೆ ನೊಣದ ತಲೆ ಓರೆ. ತಲೆ ಓರೆಯಾದ ನೊಣವನ್ನು ಮೀನು ತಿರುಗಿಯೂ ನೋಡುವುದಿಲ್ಲ ಎನ್ನುತ್ತಾಳೆ ಅಕ್ಕ. ಮೀನಿನ ಮನಸ್ಸು ಅವಳಿಗೆ ಹೇಗೆ ಗೊತ್ತೋ ನಾನು ಕೇಳಿಲ್ಲ.

ಅವಳ ವೈಸ್ ಮಾಡಿಕೊಟ್ಟವನು ನಾನು. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಲೇತ್ ಕೆಲಸ ಕಲಿಯುತ್ತಿದ್ದಾಗ, ಮೇಸ್ತ್ರಿ ಊಟಕ್ಕೆ ಹೋದ ಹೊತ್ತು ನೋಡಿಕೊಂಡು ಕದ್ದುಮುಚ್ಚಿ ಮಾಡಿದ್ದು. ನಮ್ಮಪ್ಪ ಬಡಗಿ. ಅಪ್ಪನ ಕೆಲಸದ ಮೇಜಿನ ಮೇಲೆಯೇ ಅಕ್ಕ ಇವತ್ತಿಗೂ ನೊಣ ಕಟ್ಟುವುದು. ಅದರ ಹಲಗೆ ಮೂರು ಇಂಚು ದಪ್ಪ. ಅಂಗಡಿಯಲ್ಲಿ ಸಿಗುವ ಯಾವ ವೈಸೂ ಅಷ್ಟು ದಪ್ಪದ ಹಲಗೆಗೆ ಬಾಯಿ ತೆರೆಯುವುದಿಲ್ಲ. ಹಾಗಾಗಿ ನಾನು ಮೇಜಿಗೆ ಸಿಕ್ಕಿಸುವ ಹಿಡಿಕೆಯನ್ನೇ ಅಗಲವಾಗಿ ಮಾಡಿದ್ದೆ. ಅಂದಿನಿಂದ ನಲವತ್ತೆಂಟು ವರ್ಷ ಅದು ಅಲ್ಲೇ ಇದೆ.

ನನ್ನದೊಂದು ಸ್ವಭಾವ ಇಲ್ಲೇ ಹೇಳಿಬಿಡಬೇಕು. ಕೆಲಸವಿಲ್ಲದೆ ಯಾರ ಮನೆಗೂ ಹೋಗುವ ಜಾಯಮಾನ ನನ್ನದಲ್ಲ. ಹೇಗಿದ್ದೀರಿ, ಚೆನ್ನಾಗಿದ್ದೀರಾ ಎಂದು ಕೇಳುತ್ತ ಕುರ್ಚಿಯ ತುದಿಯಲ್ಲಿ ಕೂರುವುದೆಂದರೆ ನನಗೆ ಮೈಯೆಲ್ಲ ಮುಳ್ಳು. ಕೈಯಲ್ಲಿ ಸ್ಪ್ಯಾನರ್ ಇದ್ದರೆ ಎಷ್ಟು ಹೊತ್ತು ಬೇಕಾದರೂ ಇರುತ್ತೇನೆ. ಮದುವೆಮನೆಯಲ್ಲೂ ಕಿರಿಗುಟ್ಟುವ ಬಾಗಿಲು ಹುಡುಕುವವನು ನಾನು. ಮಗುವಾಗಿದ್ದಾಗ ಮನೆಯ ಸ್ಕ್ರೂಗಳನ್ನೆಲ್ಲ ಬಿಚ್ಚುತ್ತಿದ್ದೆನಂತೆ, ಅದಕ್ಕೇ ಅಕ್ಕ ನನಗೆ ‘ತಿರುಪು’ ಎಂದು ಹೆಸರಿಟ್ಟಳು. ಅರವತ್ತೇಳು ತುಂಬಿದರೂ ಆ ಹೆಸರು ಬಿಟ್ಟಿಲ್ಲ.

ಭಾವ ಹೋದ ಮೇಲೆ, ಒಂಬತ್ತು ವರ್ಷಗಳಿಂದ, ಪ್ರತಿ ಭಾನುವಾರ ಬೆಳಿಗ್ಗೆ ಚೀಲ ಹೆಗಲಿಗೇರಿಸಿಕೊಂಡು ಅಕ್ಕನ ಮನೆಗೆ ಹೋಗುತ್ತೇನೆ. ‘ವೈಸ್ ನೋಡಿಬರ್ತೀನಿ’ ಎಂದು ಹೆಂಡತಿಗೆ ಹೇಳುವುದು. ಅಕ್ಕನಿಗೂ ಅದೇ ಹೇಳುವುದು. ಬಿಚ್ಚುತ್ತೇನೆ, ಒರೆಸುತ್ತೇನೆ, ಎಣ್ಣೆ ಬಿಡುತ್ತೇನೆ, ಒಂದು ಕೊಕ್ಕೆ ಸಿಕ್ಕಿಸಿ, ಇನ್ನು ಜಗತ್ತೇ ಅಲ್ಲಾಡಿದರೂ ಇದು ಅಲ್ಲಾಡಬಾರದು ಎನ್ನುವಷ್ಟು ಬಿಗಿದು ಬಿಡುತ್ತೇನೆ. ಹತ್ತು ನಿಮಿಷದ ಕೆಲಸ. ಆಮೇಲೆ ಮೂರು ಗಂಟೆ ಅಲ್ಲೇ ಇರುತ್ತೇನೆ. ಅಕ್ಕ ಚಹಾ ಮಾಡುತ್ತಾಳೆ, ಗರಿ ವಿಂಗಡಿಸುತ್ತಾಳೆ, ಊರವರನ್ನೆಲ್ಲ ಆಡಿಕೊಳ್ಳುತ್ತಾಳೆ. ವಾರದಲ್ಲಿ ನನಗೆ ಬೇಕಾದ ಮೂರು ಗಂಟೆ ಅವೇ.

ಹೊಸ ವೈಸ್ ಬಂದರೆ ಅದಕ್ಕೆ ನನ್ನ ಎಣ್ಣೆಯೂ ಬೇಡ, ನಾನೂ ಬೇಡ. ಊಟ ಬಿಟ್ಟಿದ್ದು ಅದಕ್ಕೆ.

ಅಕ್ಕ ವಿಷಯ ತೆಗೆದದ್ದು ಒಂದು ಭಾನುವಾರ, ನಾನು ಚೀಲ ಬಿಚ್ಚುತ್ತಿದ್ದಾಗಲೇ.

“ತಿರುಪು, ಕೊಕ್ಕೆ ಜಾರ್ತಿದೆ ಕಣೋ. ಹೋದ ತಿಂಗಳು ಕಟ್ಟಿದ್ದರಲ್ಲಿ ಅರ್ಧಕ್ಕರ್ಧ ತಲೆ ಓರೆ. ಹೊಸದು ತಗೋತೀನಿ. ಇಲ್ದಿದ್ರೆ ಕಟ್ಟೋದೇ ನಿಲ್ಲಿಸಿಬಿಡ್ತೀನಿ.”

“ನನ್ನ ವೈಸಲ್ಲಿ ಕೊಕ್ಕೆ ಜಾರುತ್ತಾ?”

“ಜಾರುತ್ತೆ ಅಂದ್ನಲ್ಲ.”

ನನ್ನ ಪಿತ್ತ ನೆತ್ತಿಗೇರಿತು. ಚೀಲದಿಂದ ಇಕ್ಕಳ ತೆಗೆದು, ಆ ವೈಸಿನ ಸ್ಕ್ರೂವನ್ನು ಇನ್ನೂ ಅರ್ಧ ಸುತ್ತು ತಿರುಗಿಸಿ, “ಈಗ ಜಾರ್ಸು ನೋಡೋಣ” ಎಂದೆ. ಅಕ್ಕ ನನ್ನನ್ನೂ ವೈಸನ್ನೂ ನೋಡಿ, ತುಟಿ ಒಳಗೆಳೆದುಕೊಂಡು, ಚಹಾಕ್ಕೆ ನೀರಿಡಲು ಎದ್ದುಹೋದಳು.

ಮನೆಯಲ್ಲಿ ಹೆಂಡತಿ, “ನಿಮ್ಮಕ್ಕ ಬದಲಾಯಿಸ್ತಿರೋದು ವೈಸನ್ನ, ತಮ್ಮನನ್ನಲ್ಲ. ಮುಖ ಸರಿ ಮಾಡ್ಕೊಂಡು ಜೊತೇಲಿ ಹೋಗಿ. ಒಬ್ಬಳೇ ಹೋಗಿ ಎಂಥದೋ ತಗೊಂಡ್ರೆ ಆಮೇಲೆ ಅದಕ್ಕೂ ನೀವೇ ಕೂಗಾಡ್ತೀರಿ” ಎಂದಳು. ಈ ಕೊನೆಯ ಮಾತು ಸರಿಯೆನಿಸಿತು. ಎಂಥದೋ ತೆಗೆದುಕೊಳ್ಳಲು ಬಿಡಬಾರದು. ನಿಜ ಹೇಳಬೇಕೆಂದರೆ ಯಾವುದನ್ನೂ ತೆಗೆದುಕೊಳ್ಳಲು ಬಿಡಬಾರದು ಎಂದೇ ಹೊರಟೆ.

ಶನಿವಾರ ಬೆಳಿಗ್ಗೆ ನಾನು ಹೋದಾಗ ಅಕ್ಕ ಬಟ್ಟೆ ಅಳೆಯುವ ಟೇಪು ಹಿಡಿದು ಅಪ್ಪನ ಮೇಜಿನ ಅಂಚನ್ನು ಅಳೆಯುತ್ತಿದ್ದಳು. ಒಂದು ಚೀಟಿಯಲ್ಲಿ ‘ಮೂರು’ ಎಂದು ಬರೆದು, ಕನ್ನಡಕದ ಡಬ್ಬಿಯೊಳಗೆ ಮಡಚಿಟ್ಟುಕೊಂಡಳು. ಇವಳು ಯಾವ ಕೆಲಸವನ್ನೂ ಅಂದಾಜಿನ ಮೇಲೆ ಮಾಡುವವಳಲ್ಲ.

ಗಾಳದಂಗಡಿ ಸೇತುವೆಯ ಪಕ್ಕದ ಇಕ್ಕಟ್ಟಾದ ಬೀದಿಯಲ್ಲಿದೆ. ಒಳಗೆ ಹೋದರೆ ಒಂದು ಕಡೆ ಕೋಲುಗಳು, ಇನ್ನೊಂದು ಕಡೆ ಗೋಡೆ ತುಂಬ ಗರಿಯ ಪೊಟ್ಟಣಗಳು, ಮೂಗಿಗೆ ವಾರ್ನಿಷಿನ ವಾಸನೆ. ಅಂಗಡಿಯಾಕೆ ಅಕ್ಕನ ಹಳೆಯ ಗೆಳತಿ. ಮಾತು ಶುರು ಮಾಡಿದರೆ ನಿಲ್ಲಿಸಲು ಬ್ರೇಕಿಲ್ಲದವಳು. ನನ್ನನ್ನು ಅವಳು ನೋಡಿದ್ದು ಅದೇ ಮೊದಲು. ಅಕ್ಕ “ಇವನು ನನ್ನ ತಮ್ಮ” ಎಂದಷ್ಟೇ ಹೇಳಿದಳು. ಅಂಗಡಿಯಾಕೆ ಕಟ್ಟೆಯ ಮೇಲೆ ಐದು ವೈಸ್ ಸಾಲಾಗಿ ಇಟ್ಟು, ಐದಕ್ಕೂ ಒಂದೊಂದು ಕೊಕ್ಕೆ ಕೊಟ್ಟಳು.

ನಾನು ನನ್ನ ಕೆಲಸ ಶುರುಮಾಡಿದೆ. ಮೊದಲನೆಯದರ ಬಾಯಿಯ ಎರಡು ತುಟಿ ಸರಿಯಾಗಿ ಕೂಡುತ್ತಿರಲಿಲ್ಲ, ಬೆಳಕಿಗೆ ಹಿಡಿದರೆ ಸಂದು ಕಾಣುತ್ತಿತ್ತು. ತೆಗೆದಿಟ್ಟೆ. ಎರಡನೆಯದು ಸ್ಪ್ರಿಂಗಿನದು. ಹಿಂದೆ ಒತ್ತಿದರೆ ಬಾಯಿ ತೆರೆಯುತ್ತದೆ, ಬಿಟ್ಟರೆ ಕಚ್ಚುತ್ತದೆ. “ಇದರ ಸ್ಪ್ರಿಂಗು ಎರಡು ವರ್ಷಕ್ಕೆ ಸೋಲುತ್ತೆ” ಎಂದು ಮೂಗು ಮುರಿದೆ. ಮೂರನೆಯದು ನನ್ನದರ ಹಾಗೆಯೇ ಸ್ಕ್ರೂ ತಿರುಗಿಸಿ ಬಿಗಿಯುವಂಥದು. ಹೊಟ್ಟೆಕಿಚ್ಚಿನಿಂದ ನೋಡಿದರೂ ತಪ್ಪು ಸಿಗಲಿಲ್ಲ. ಸರಿ, ಕೊಳ್ಳಲೇಬೇಕಾದರೆ ಇದನ್ನೇ ಕೊಳ್ಳಲಿ, ಇದಕ್ಕಾದರೂ ಎಣ್ಣೆ ಬೇಕಾದೀತು ಎಂದುಕೊಂಡೆ.

“ಅಕ್ಕ, ಇದು ಹಾಕಿ ನೋಡು.”

ಅಕ್ಕ ಕೊಕ್ಕೆ ಇಟ್ಟಳು. ಸ್ಕ್ರೂವಿನ ಮೇಲೆ ಬಲಗೈ ಹಾಕಿದಳು, ತಿರುಗಲಿಲ್ಲ. ಎಡಗೈಯನ್ನೂ ಸೇರಿಸಿದಳು. ಹೆಬ್ಬೆರಳಿನ ಬುಡದ ಗಂಟು ಬೆಳ್ಳಗಾಗಿ, ಕತ್ತಿನ ನರ ಉಬ್ಬಿತು. ಕಾಲು ಸುತ್ತು ತಿರುಗಿರಬಹುದು. ಕೈಬಿಟ್ಟಾಗ ಕೊಕ್ಕೆ ತಾನಾಗಿಯೇ ಕಟ್ಟೆಯ ಮೇಲೆ ಬಿತ್ತು. ಪ್ರತಿವಾರ ನನಗೆ ಚಹಾ ಕೊಡುವ ಆ ಕೈಯ ಬೆರಳಿನ ಗಂಟುಗಳು ಅಷ್ಟು ದಪ್ಪವಾಗಿರುವುದನ್ನು ನಾನು ಅವತ್ತೇ ನೋಡಿದ್ದು.

“ಅವರಿಗೆ ಸ್ಕ್ರೂ ಆಗಲ್ಲ ಸಾರ್,” ಎಂದಳು ಅಂಗಡಿಯಾಕೆ. “ಮನೇಲಿರೋ ಹಳೇದೂ ಸ್ಕ್ರೂದೇ ಅಲ್ವಾ? ಯಾರೋ ಒಬ್ಬ ಪುಣ್ಯಾತ್ಮ ಪ್ರತಿ ಭಾನುವಾರ ಬಂದು ಅದನ್ನ ಆನೆ ಕಟ್ಟೋ ಹಾಗೆ ಬಿಗಿದು ಹೋಗ್ತಾನಂತೆ. ಸೋಮವಾರ ಬೇಕರಿಯವರನ್ನ ಕರೆದು ಸಡಿಲ ಮಾಡಿಸ್ಕೋತಾರೆ. ಹಿಟ್ಟು ನಾದಿ ನಾದಿ ಅವರ ತೋಳು ಕಂಬದ ಹಾಗಿದೆ, ಅವರಿಗೇ ಬೆವರು ಬರುತ್ತಂತೆ! ಆಮೇಲೆ ಇವರ ಕೈಲಿ ಬಿಗಿಯೋಕಾಗಲ್ಲ, ಕೊಕ್ಕೆ ಜಾರುತ್ತೆ. ಎರಡು ವರ್ಷದಿಂದ ಇದೇ ಗೋಳು. ಆ ಪುಣ್ಯಾತ್ಮನಿಗೆ ಒಂದು ಮಾತು ಹೇಳಬಾರದಾ ಅಂತ ನಾನೂ ಬೇಕಾದಷ್ಟು ಸಲ ಹೇಳಿದೆ.”

ಅಕ್ಕ ಗೋಡೆಯ ಕಡೆ ತಿರುಗಿ ಗರಿಯ ಪೊಟ್ಟಣಗಳನ್ನು ಓದತೊಡಗಿದಳು. ಅವುಗಳ ಮೇಲೆ ಓದುವಂಥದ್ದೇನೂ ಇರಲಿಲ್ಲ.

ನೆಲ ಬಾಯಿಬಿಟ್ಟರೆ ಒಳಗೆ ಹೋಗಬಹುದಿತ್ತು ಎನಿಸಿತು. ಎರಡು ವರ್ಷ ಎಂದರೆ ನೂರು ಭಾನುವಾರ. ನೂರು ಭಾನುವಾರ ನಾನು ಪ್ರೀತಿಯಿಂದ ಹೋಗಿ ಅವಳ ಕೆಲಸ ಕೆಡಿಸಿ ಬಂದಿದ್ದೆ. ಹೋದ ವಾರವಂತೂ ಇಕ್ಕಳ ಹಾಕಿದ್ದೆ.

“ಆ ಪುಣ್ಯಾತ್ಮ ನಾನೇ,” ಎಂದೆ.

ಅಂಗಡಿಯಾಕೆಗೆ ಕೊನೆಗೂ ಬ್ರೇಕು ಬಿತ್ತು. ಒರೆಸುವ ಬಟ್ಟೆ ತೆಗೆದುಕೊಂಡು, ಒರೆಸಿದ್ದನ್ನೇ ಒರೆಸುತ್ತ ನಿಂತಳು.

ನಾಲ್ಕನೆಯದೂ ಐದನೆಯದೂ ಲಿವರಿನವು. ಸ್ವಲ್ಪ ಹೊತ್ತಿಗೆ ಮೊದಲು ‘ಲಿವರ್ ಅಂದ್ರೆ ಸೋಮಾರಿಗಳ ವೈಸ್’ ಎನ್ನಲು ಬಾಯಿ ರೆಡಿ ಮಾಡಿಕೊಂಡಿದ್ದೆ. ಈಗ ನಾನೇ ನಾಲ್ಕನೆಯದನ್ನು ಎಳೆದು ಅಕ್ಕನ ಮುಂದಿಟ್ಟೆ. ಅವಳು ಕೊಕ್ಕೆಯಿಟ್ಟು, ಒಂದೇ ಬೆರಳಲ್ಲಿ ಲಿವರ್ ಕೆಳಗೆ ಒತ್ತಿದಳು. ಟಕ್ ಎಂದಿತು. ಉಗುರಿನಿಂದ ಕೊಕ್ಕೆಯನ್ನು ಮೀಟಿದಳು, ಟಿಣ್ ಎಂದಿತು. ಕೊಕ್ಕೆ ಒಳ್ಳೆಯ ಹಿಡಿತದಲ್ಲಿದ್ದರೆ ಮಾತ್ರ ಆ ಸದ್ದು ಬರುವುದು. ತೆಗೆದಳು, ಹಾಕಿದಳು, ಮೀಟಿದಳು. ಟಿಣ್. ಇನ್ನೊಂದು ಸಲ. ಎಪ್ಪತ್ತೊಂದು ವರ್ಷದ ಹೆಂಗಸು, ಹೊಸ ಗಿಲಕಿ ಸಿಕ್ಕ ಮಗುವಿನ ಹಾಗೆ ಸುಮ್ಮಸುಮ್ಮನೆ ಟಿಣ್ ಟಿಣ್ ಎನಿಸುತ್ತ ನಿಂತಳು. ನನಗೆ ಕಣ್ಣು ತುಂಬಿ ಬಂತು. ವಾರ್ನಿಷ್ ವಾಸನೆಗೆ ಎಂದು ಹೇಳಿ ಒರೆಸಿಕೊಂಡೆ.

“ಎರಡರ ಬಾಯೂ ಒಂದೇ,” ಎಂದಳು ಅಂಗಡಿಯಾಕೆ. “ಒಂದಕ್ಕೆ ಅಡಿಯಲ್ಲಿ ತೂಕದ ತಟ್ಟೆ ಇದೆ, ಎಲ್ಲಿ ಬೇಕಾದ್ರೂ ಇಟ್ಕೋಬಹುದು. ಇನ್ನೊಂದು ಮೇಜಿನ ಅಂಚಿಗೆ ಸಿಕ್ಕಿಸೋದು. ಎರಡು ಇಂಚಿನ ಹಲಗೆವರೆಗೂ ಹಿಡಿಯುತ್ತೆ.”

ಅಕ್ಕ ಕನ್ನಡಕದ ಡಬ್ಬಿ ತೆರೆದಳು, ಕನ್ನಡಕ ಹಾಕಿಕೊಂಡು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದಳು, ಡಬ್ಬಿ ಮುಚ್ಚಿದಳು. “ಅಂಚಿಗೆ ಸಿಕ್ಕಿಸೋದೇ ಕೊಡು” ಎಂದಳು.

“ಅಕ್ಕ, ಅದು...”

“ನೀನು ಸುಮ್ನಿರು.”

ಅವತ್ತು ನನಗೆ ವೈಸಿನ ಬಗ್ಗೆ ಬಾಯಿ ಬಿಡುವ ಹಕ್ಕಿರಲಿಲ್ಲ.

ಅಕ್ಕನ ಮನೆಯವರೆಗೆ ನಡೆದುಕೊಂಡೇ ಹೋದೆವು. ಪೆಟ್ಟಿಗೆ ನನ್ನ ಕಂಕುಳಲ್ಲಿತ್ತು. ಸೇತುವೆಯ ಮೇಲೆ ಕೇಳಿದೆ, “ಎರಡು ವರ್ಷ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀನು ಸಡಿಲ ಮಾಡಿಟ್ಟು, ನನ್ನಿಂದ ತಪ್ಪಾಯ್ತು ಅಂತ ಮುಖ ಸಪ್ಪೆ ಮಾಡ್ಕೊಂಡು ಬರೋದೇ ನಿಲ್ಲಿಸ್ತಿದ್ದೆ. ನಿನ್ನನ್ನ ಎತ್ತಿ ಆಡಿಸಿದವಳು ನಾನು, ನನಗೆ ಗೊತ್ತಿಲ್ವಾ?”

“ಹಂಗಂತ ಬೇಕರಿಯವನನ್ನ ಕರೆಯೋದಾ?”

“ಅವನೇನು, ಬರ್ತಾ ಎರಡು ಬನ್ ತರ್ತಾನೆ. ನೀನು ಏನು ತರ್ತೀಯ, ಎಣ್ಣೆ ಡಬ್ಬಿ!”

ನಗು ತಡೆಯಲಾಗಲಿಲ್ಲ. ಅವಳಿಗೆ ಬೇಕಾದ್ದು ಸಿಕ್ಕಿತ್ತು, ಅದು ನನಗೆ ನಿಜವಾಗಿಯೂ ಸಂತೋಷವೇ. ಆದರೆ ನಾಳೆ ಭಾನುವಾರ. ಏನೆಂದು ಹೋಗಲಿ?

ಮನೆಯಲ್ಲಿ ಪೆಟ್ಟಿಗೆ ಬಿಚ್ಚಿ ಹೊಸ ವೈಸನ್ನು ಅಪ್ಪನ ಮೇಜಿಗೆ ಹಿಡಿದೆ. ಹಿಡಿಕೆ ಪೂರ್ತಿ ಬಾಯಿ ತೆರೆದರೂ ಹಲಗೆಯ ಅಂಚು ಒಂದು ಇಂಚು ಹೊರಗೇ ಉಳಿಯಿತು.

“ಅಯ್ಯೋ, ಹಿಡಿಯಲ್ವಲ್ಲೋ!” ಎಂದಳು ಅಕ್ಕ. ಆ ‘ಅಯ್ಯೋ’ ಕೇಳಿ ತಲೆಯೆತ್ತಿದೆ. ಅಕ್ಕ ಯಾವತ್ತೂ ಅಷ್ಟು ಕೆಟ್ಟದಾಗಿ ಅಯ್ಯೋ ಎಂದವಳಲ್ಲ. ಕನ್ನಡಕದ ಡಬ್ಬಿ ಮೇಜಿನ ಮೇಲೆ ತೆರೆದೇ ಇತ್ತು, ಅದರಲ್ಲಿ ‘ಮೂರು’ ಎಂದು ಬರೆದ ಚೀಟಿ. ಅಂಗಡಿಯಲ್ಲಿ ಕನ್ನಡಕ ತೆಗೆಯುವಾಗಲೂ ಅದು ಅವಳ ಕಣ್ಣ ಮುಂದೆಯೇ ಇತ್ತು.

ನಾನು ಚೀಟಿಯನ್ನು ನೋಡಿದ್ದನ್ನು ಅವಳು ನೋಡಿದಳು. ಡಬ್ಬಿಯನ್ನು ಟಪ್ಪೆಂದು ಮುಚ್ಚಿದಳು.

“ದೊಡ್ಡ ಬಾಯಿಂದು ಒಂದು ಹಿಡಿಕೆ ಮಾಡ್ಕೊಡಬೇಕಲ್ಲೋ ತಿರುಪು,” ಎಂದಳು. “ಅಲ್ಲೀವರೆಗೆ ಅಡುಗೆಮನೆ ಹಲಗೆಗೆ ಸಿಕ್ಕಿಸ್ಕೊಂಡು ಕಟ್ತೀನಿ, ಅದು ತೆಳ್ಳಗಿದೆ. ಹಳೇದನ್ನ ಮಾತ್ರ ಮುಟ್ಟಬೇಡ, ಅದು ಅಲ್ಲೇ ಇರಲಿ. ಹೊಸ ಹಿಡಿಕೆಗೆ ಎಷ್ಟು ದಿನ ಬೇಕಾಗುತ್ತೆ?”

ನಲವತ್ತು ವರ್ಷ ಲೇತಿನ ಮುಂದೆ ನಿಂತವನು ನಾನು. ಅಂಥ ಹಿಡಿಕೆ ಒಂದು ಮಧ್ಯಾಹ್ನದ ಕೆಲಸ, ಚಹಾ ಕುಡಿಯುವ ಹೊತ್ತೂ ಸೇರಿಸಿ. ಬಾಗಿ ಹಲಗೆಯನ್ನು ನೋಡಿದೆ, ಹುಬ್ಬು ಗಂಟಿಕ್ಕಿದೆ, ಅಳತೆಯಿದ್ದರೂ ಇನ್ನೊಮ್ಮೆ ಅಳೆದೆ.

“ಕಷ್ಟದ ಕೆಲಸ ಅಕ್ಕ. ಪ್ರತಿವಾರ ಬಂದು ಸ್ವಲ್ಪ ಸ್ವಲ್ಪ ಉಜ್ಜಿ ಕೂರಿಸಬೇಕು. ಒಂದು ವರ್ಷವಾದರೂ ಆಗುತ್ತೆ.”

“ಅಷ್ಟು ಬೇಗ ಆಗುತ್ತಾ?” ಎಂದಳು ಅಕ್ಕ. “ಅವಸರ ಮಾಡಬೇಡ.”