ಲ್ಯಾಕರ್ ಕೋಣೆಯ ಮೂಗಮ್ಮ

ನಮ್ಮ ಕಾರ್ಖಾನೆಯಲ್ಲಿ ನನ್ನನ್ನು ಮೂಗಮ್ಮ ಅನ್ನುತ್ತಾರೆ. ಎದುರಿಗೇ ಅನ್ನುತ್ತಾರೆ, ಬೆನ್ನ ಹಿಂದೆ ಅನ್ನುವಷ್ಟು ಧೈರ್ಯ ಯಾರಿಗೂ ಇಲ್ಲ. ಕನ್ನಡಕದ ಲೆನ್ಸಿಗೆ ಗೀರು ಬೀಳದ ಹಾಗೆ ಗಟ್ಟಿ ಲೇಪ ಕೊಡುವ ಕೋಣೆ ನನ್ನ ವಶದಲ್ಲಿತ್ತು. ಅದರ ಬಾಗಿಲಲ್ಲಿ ನಿಂತು, ಬರುವವರ ತಲೆ, ಕುತ್ತಿಗೆ, ಕೈ ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದೆ. ತಲೆಗೆ ಎಣ್ಣೆ ಹಚ್ಚಿದ್ದರೆ ಹೊರಗೆ. ಕೈಗೆ ಕ್ರೀಮು ಬಳಿದಿದ್ದರೆ ಹೊರಗೆ. ಒಮ್ಮೆ ಯಜಮಾನರೇ ಗಡ್ಡ ಬೋಳಿಸಿಕೊಂಡು ಘಮಘಮ ಅಂತ ಬಂದಿದ್ದರು. ಮುಖ ತೊಳ್ಕೊಂಡು ಬನ್ನಿ ಅಂತ ಅವರನ್ನೂ ಅಟ್ಟಿದೆ. ಪಾಪ, ತೊಳೆದುಕೊಂಡೇ ಬಂದರು.

ಲೇಪ ಕೊಡುವ ದ್ರವ, ಅಂದರೆ ಲ್ಯಾಕರ್, ನೋಡುವುದಕ್ಕೆ ನೀರಿನ ಹಾಗೆ, ಸ್ವಭಾವ ಮಾತ್ರ ಹಸುಗೂಸಿನದು. ಸೆಕೆ ತಡೆಯದು, ಅದಕ್ಕೇ ತೊಟ್ಟಿಯ ಸುತ್ತ ತಣ್ಣೀರು ಹರಿಯುತ್ತಿರಬೇಕು. ಧೂಳು ಆಗದು, ಅದಕ್ಕೇ ಪಂಪು ಸದಾ ಅದನ್ನು ಸೋಸುತ್ತಿರಬೇಕು. ಒಳಗಿನ ಆಲ್ಕೋಹಾಲು ಆವಿಯಾದಂತೆಲ್ಲ ಮಂದವಾಗುತ್ತದೆ. ಆಗ ತಳದಲ್ಲಿ ತೂತಿರುವ ಬಟ್ಟಲಿಗೆ ತುಂಬಿ, ಎಷ್ಟು ಬೇಗ ಸೋರುತ್ತದೆಂದು ನೋಡಿ, ತುಸುತುಸುವೇ ಆಲ್ಕೋಹಾಲು ಬೆರೆಸಬೇಕು. ಹೊಸ ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಬಿಚ್ಚಿದಿರೋ, ಒಳಗೆ ಬೆವರಿ ಕೆಟ್ಟೇ ಹೋಯಿತು. ಚಳಿ ಬಿಡುವವರೆಗೆ ಮುಚ್ಚಳ ಮುಟ್ಟಬಾರದು. ಹೀಗೆ ಹಳೆಯದಕ್ಕೆ ಹೊಸದನ್ನು ಸೇರಿಸುತ್ತ, ತೊಟ್ಟಿಯನ್ನು ಒಂದು ಸಲವೂ ಬರಿದು ಮಾಡದೆ ಕಾಪಾಡಿಕೊಂಡು ಬಂದವಳು ನಾನು. ಜಂಬ ಅನ್ನಿ. ಹೌದು, ಜಂಬವೇ.

ಆದರೆ ಇದು ನಿಂತೇ ಮಾಡುವ ಕೆಲಸ. ಇತ್ತೀಚೆಗೆ ನನ್ನ ಮಂಡಿ ತಕರಾರು ತೆಗೆದಿತ್ತು. ಗೊತ್ತಾದರೆ ಯಜಮಾನರು ನನ್ನನ್ನು ಪ್ಯಾಕಿಂಗಿನವರ ಜೊತೆ ಕುರ್ಚಿಯಲ್ಲಿ ಕೂರಿಸಿಬಿಡುತ್ತಾರೆ ಅಂತ ಮನೆಯಲ್ಲೂ ಬಾಯಿ ಬಿಟ್ಟಿರಲಿಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನೋವಿನ ಸ್ಪ್ರೇ ಹೊಡೆದುಕೊಳ್ಳುತ್ತಿದ್ದೆ. ವಾಸನೆ ಇಲ್ಲದ್ದೇ ಕೊಡಿ ಅಂತ ಅಂಗಡಿಯವನನ್ನು ಪೀಡಿಸಿ ತಂದಿದ್ದೆ. ವಾಸನೆಯೇ ಇಲ್ಲದ ಮೇಲೆ ಲ್ಯಾಕರಿಗೇನು ತೊಂದರೆ?

ಆ ದಿನ ಬೆಳಿಗ್ಗೆ ಮೊದಲ ತಟ್ಟೆಯ ಲೆನ್ಸುಗಳನ್ನು ಅದ್ದಿ ಮೇಲೆತ್ತಿ ದೀಪಕ್ಕೆ ಹಿಡಿದರೆ, ಲೇಪದಲ್ಲಿ ಸಾಸಿವೆಗಿಂತ ಸಣ್ಣ ಕುಳಿಗಳು. ಜಿಡ್ಡು ತಾಗಿದ ಕಡೆ ಲ್ಯಾಕರ್ ಹಿಂದೆ ಸರಿದು ಹೀಗೆ ಕುಳಿ ಬೀಳುತ್ತದೆ. ಎರಡನೆಯ ತಟ್ಟೆಯೂ ಹಾಗೇ.

ಯಜಮಾನರು ಬಂದು ನೋಡಿದರು. "ತೊಟ್ಟಿ ಕೆಟ್ಟಿದೆ ಮೂಗಮ್ಮ. ಎಲ್ಲಾ ಚೆಲ್ಲಿ ಹೊಸದು ತುಂಬಿಸೋಣ."

"ನೆಗಡಿ ಬಂತು ಅಂತ ಮೂಗು ಕೊಯ್ಕೋತಾರಾ?" ಎಂದೆ. "ನನ್ನ ಲ್ಯಾಕರಿಗೆ ಏನೂ ಆಗಿಲ್ಲ. ಯಾರೋ ಜಿಡ್ಡು ತಂದಿದ್ದಾರೆ."

"ಹಾಗಾದ್ರೆ ಯಾರು ಅಂತ ತೋರಿಸಿ. ಸಂಜೆ ಬೆಲ್ ಹೊಡೆಯೋದ್ರೊಳಗೆ ತೋರಿಸದಿದ್ರೆ ತೊಟ್ಟಿ ಖಾಲಿ."

ನನ್ನ ಕಣ್ಣು ಹೋದದ್ದು ಸೊಸೆಯ ಮೇಲೆ. ಅವಳು ನಮ್ಮ ಕೋಣೆಯಲ್ಲೇ ಲೆನ್ಸ್ ತೊಳೆಯುವವಳು. ಹಿಂದಿನ ದಿನ ಅವಳ ಕೈ ಸೋಪಿಗೆ ಬಿರಿದು ರಕ್ತ ಬಂದಿತ್ತು. ಕ್ರೀಮು ಹಚ್ಚದೆ ಇರುತ್ತಾಳೆಯೇ?

"ನಿಂದೇ ಕೆಲಸ ಇದು," ಎಂದೆ, ಎಲ್ಲರ ಎದುರಿಗೆ. "ಸಾವಿರ ಸಲ ಹೇಳಿದೀನಿ. ಕೈ ಬಿರಿದ್ರೆ ಬಿರೀಲಿ, ಕ್ರೀಮು ಮಾತ್ರ ಬೇಡ ಅಂತ."

ಅವಳ ಮುಖ ಕೆಂಪಾಯಿತು. "ಹಚ್ಚಿಲ್ಲ ಅತ್ತೆ."

"ಹಚ್ಚಿಲ್ವಂತೆ! ಮತ್ತೆ ಕುಳಿಗಳು ಆಕಾಶದಿಂದ ಉದುರಿದ್ವಾ?"

"ಬೈಯೋದು ಆಮೇಲೆ ಬೈಯ್ರಿ, ಮೊದ್ಲು ನೋಡೋಣ," ಎಂದಳು. ತೊಟ್ಟಿಯಿಂದ ಲ್ಯಾಕರ್ ಮೊಗೆದು ಸಣ್ಣ ಗಾಜಿನ ಲೋಟಗಳಲ್ಲಿ ಸಾಲಾಗಿ ಇಟ್ಟಳು. ತೊಳೆದ ಲೆನ್ಸೊಂದನ್ನು, ಯಾರೂ ಮುಟ್ಟದ ಹಾಗೆ ಇಕ್ಕಳದಲ್ಲೇ ಹಿಡಿದು, ಮೊದಲ ಲೋಟದಲ್ಲಿ ಅದ್ದಿ ಎತ್ತಿದಳು. ಕನ್ನಡಿಯ ಹಾಗೆ ಬಂತು.

"ನೋಡಿದ್ರಾ!" ನಾನು ಯಜಮಾನರ ಕಡೆ ತಿರುಗಿದೆ. "ಲ್ಯಾಕರ್ ಚಿನ್ನ. ಈಗ ಕಳ್ಳರನ್ನ ಹಿಡಿಯೋದಷ್ಟೇ ಬಾಕಿ."

ಉಪಾಯ ಸುಲಭದ್ದು. ಒಬ್ಬೊಬ್ಬರೂ ದಿನಾ ಮಾಡುವ ಹಾಗೇ ಒಂದೊಂದು ಲೆನ್ಸನ್ನು ಒರೆಸಿ, ಕೊಕ್ಕೆಗೆ ಸಿಕ್ಕಿಸಿ, ತಂತಮ್ಮ ಲೋಟದಲ್ಲಿ ಅದ್ದಬೇಕು. ಸೊಸೆಯೇ ಮೊದಲು ಅದ್ದಿದಳು. ನಾನು ದೀಪದ ಕೆಳಗೆ ಮೂಗು ತಾಗುವಷ್ಟು ಹತ್ತಿರ ಹಿಡಿದು ನೋಡಿದೆ. ಒಂದು ಕುಳಿಯೂ ಇರಲಿಲ್ಲ. ಆಮೇಲೆ ಲೇಪ ಒಣಗಿಸುವ ಒಲೆ ನೋಡಿಕೊಳ್ಳುವವನು, ಆಮೇಲೆ ತಟ್ಟೆ ಜೋಡಿಸುವ ಅಕ್ಕ, ಕೊನೆಗೆ ಯಜಮಾನರೂ ತೋಳು ಮಡಚಿ ಅದ್ದಿದರು. ಎಲ್ಲರದ್ದೂ ಚೊಕ್ಕ.

"ಇನ್ನು ನೀವೊಬ್ರೇ ಅತ್ತೆ," ಎಂದಳು ಸೊಸೆ.

"ನಂದೇನು ನೋಡ್ತೀಯ?" ಅಂದೆ. ಅಂದವಳಿಗೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರು ಅನ್ನುತ್ತಾರಲ್ಲ, ಹಾಗೆ ಕೈ ತಾನಾಗಿಯೇ ಮಂಡಿಗೆ ಹೋಯಿತು. ಸೊಸೆ ಅದನ್ನು ನೋಡಿದಳು.

ಲೆನ್ಸ್ ಒರೆಸಿದೆ, ಸಿಕ್ಕಿಸಿದೆ, ಅದ್ದಿದೆ. ಎತ್ತುತ್ತಿದ್ದ ಹಾಗೇ ಅವಳು ಅದನ್ನು ಕೈಗೆ ತೆಗೆದುಕೊಂಡು ದೀಪಕ್ಕೆ ಹಿಡಿದಳು. ಪಕ್ಕದಲ್ಲೇ ಆಲ್ಕೋಹಾಲಿನ ಬಟ್ಟೆ ಇತ್ತು. ಒಂದು ಸಲ ಒರೆಸಿದ್ದರೆ ಹಸಿ ಲೇಪವೇ ಅಳಿಸಿ ಹೋಗುತ್ತಿತ್ತು, ನನ್ನ ಮಾನ ಉಳಿಯುತ್ತಿತ್ತು, ಕಳ್ಳರು ಸಿಗದೆ ನನ್ನ ಲ್ಯಾಕರ್ ಚರಂಡಿಗೆ ಹೋಗುತ್ತಿತ್ತು. ಅವಳ ಕೈ ಬಟ್ಟೆಯ ಕಡೆ ಒಂದಿಷ್ಟು ಸರಿದದ್ದನ್ನು ನಾನು ನೋಡಿದೆ. ಆಮೇಲೆ ಕೈ ಹಿಂದಕ್ಕೆ ತಂದು ಲೆನ್ಸನ್ನು ನನ್ನೆದುರಿಗೆ ಹಿಡಿದಳು.

"ನೀವೇ ನೋಡಿ ಅತ್ತೆ." ಅವಳ ಕಣ್ಣಲ್ಲಿ ನೀರಿತ್ತು.

ಕುಳಿಗಳು. ಬೆಳಿಗ್ಗೆ ಕಂಡವೇ. ನನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿತ್ತು, ನಾನು ಸೊಸೆಯ ತಟ್ಟೆಯಲ್ಲಿ ನೊಣ ಹುಡುಕುತ್ತಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ನಾನೇ," ಎಂದೆ ಯಜಮಾನರಿಗೆ. ಗಟ್ಟಿಯಾಗಿಯೇ ಹೇಳಿದೆ. "ಮಂಡಿಗೆ ಸ್ಪ್ರೇ ಹೊಡ್ಕೊಳ್ತಿದ್ದೆ. ವಾಸನೆ ಇಲ್ಲದಿದ್ರೂ ಅದರಲ್ಲಿ ಜಿಡ್ಡು ಇದ್ದೇ ಇತ್ತು. ಹನಿ ತೋಳಿಗೆ ಸಿಡಿದಿರುತ್ತೆ, ತೋಳಿಂದ ಲೆನ್ಸಿಗೆ. ತೊಟ್ಟಿ ಮುಟ್ಟಬೇಡಿ, ಅದರದ್ದೇನೂ ತಪ್ಪಿಲ್ಲ. ನನ್ನನ್ನ ಹೊರಗೆ ಹಾಕಿ, ಸಾಕು."

"ಸ್ಪ್ರೇ ಬಿಟ್ರಾಯ್ತಲ್ಲ ಮೂಗಮ್ಮ?"

"ಬಿಟ್ರೆ ನಿಲ್ಲಕ್ಕಾಗಲ್ಲ." ಸೊಂಟದಿಂದ ಕೋಣೆಯ ಬೀಗದ ಕೈ ಬಿಚ್ಚಿ ಸೊಸೆಯ ಬಿರಿದ ಅಂಗೈಯಲ್ಲಿಟ್ಟೆ. "ಬೈದಿದ್ದನ್ನ ವಾಪಸ್ ತಗೊಂಡಿದೀನಿ. ತೂತಿನ ಬಟ್ಟಲು ತುಂಬೋವಾಗ ಗುಳ್ಳೆ ಬರದ ಹಾಗೆ ನೋಡ್ಕೋ."

ಮಾರನೆಯ ದಿನ ಅಭ್ಯಾಸಬಲದಿಂದ ನನ್ನ ಕಾಲು ಆ ಬಾಗಿಲಿಗೇ ಹೋಯಿತು. ಸೊಸೆ ಬಿಳಿ ಕೋಟು ತೊಟ್ಟು ಅಡ್ಡ ನಿಂತಿದ್ದಳು.

"ಮಂಡಿ ಹೇಗಿದೆ ಅತ್ತೆ?"

"ಕುದುರೆ ಹಾಗಿದೆ."

"ಸ್ಪ್ರೇ ಹೊಡೆದಿದೀರಾ?"

"ಒಂದೇ ಒಂಚೂರು."

"ಹೊರಗೆ," ಎಂದಳು. ನನ್ನ ದನಿಯಲ್ಲೇ ಎಂದಳು, ಗುರುವಿಗೇ ತಿರುಮಂತ್ರ. ಒಲೆಯವನು ಕಿಸಕ್ಕೆಂದ. ಅವಳು ಅವನನ್ನೂ ದುರುಗುಟ್ಟಿ ನೋಡಿದಳು. ಮೂಗಿನ ಕಾಲ ಮುಗಿದಿತ್ತು. ಬರುವವರೆಲ್ಲ ಮೊದಲು ಒಂದು ಲೆನ್ಸ್ ಒರೆಸಿ ಲೋಟದಲ್ಲಿ ಅದ್ದಿ ತೋರಿಸಬೇಕಂತೆ. ನನಗೇ ಹೊಳೆಯದ ನಿಯಮ.

ಗಾಜಿನ ಗೋಡೆಯ ಹೊರಗೆ, ತೊಟ್ಟಿ ಕಾಣುವ ಹಾಗೆ, ನನಗೊಂದು ಕುರ್ಚಿ ಹಾಕಿಸಿದ್ದಳು, ಮೇಲೊಂದು ದೀಪ. ಲೇಪ ಒಣಗಿ ಹೊರಬಂದ ಲೆನ್ಸುಗಳನ್ನು ಪರೀಕ್ಷಿಸುವ ಕೆಲಸ. ಅವಳ ಮೊದಲ ತಟ್ಟೆ ಕಿಂಡಿಯಿಂದ ಬಂತು. ಒಂದೊಂದೇ ಲೆನ್ಸನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಓರೆ ಮಾಡಿ, ಒಂದಾದರೂ ತಪ್ಪು ಸಿಗಲಿ ಅಂತ ಮನಸ್ಸಿಟ್ಟು ಹುಡುಕಿದೆ. ಗಾಜಿನಾಚೆ ಅವಳು ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದಳು.

ಒಂದೂ ಸಿಗಲಿಲ್ಲ. ಕೈ ಎತ್ತಿ, ಇನ್ನೊಂದು ತಟ್ಟೆ ಕಳಿಸು ಅಂದೆ.